ಜೋಕಿಮ್ ಎಂದವರಿಗೆ ಜೋಕಿಮ್

ಬಾಯಿ ತೀರಿಹೋದ ಸುದ್ದಿ ಬಂದಾಗ ನಾನು ಅಂಗಡಿಯಲ್ಲಿ ಒಬ್ಬ ಗಿರಾಕಿಗೆ ಸ್ಪೀಕರಿನ ಹೆಸರು ಹೇಳಿಕೊಡುತ್ತಿದ್ದೆ. ಈಗ ಇದೂ ನನ್ನ ಕೆಲಸದಲ್ಲಿ ಸೇರಿದೆ. ಪೆಟ್ಟಿಗೆಯ ಮೇಲೆ ಬರೆದದ್ದು ಒಂದು, ನಮ್ಮವರು ಓದುವುದು ಇನ್ನೊಂದು, ಕಂಪನಿ ಹುಟ್ಟಿದ ದೇಶದವರು ಹೇಳುವುದು ಮತ್ತೊಂದು. ಬಂದವರು ಕೇಳುತ್ತಾರೆ, ನಾನು ಹೇಳುತ್ತೇನೆ, ಅವರು ತಿರುಗಿ ಹೇಳುತ್ತಾರೆ, ಎಲ್ಲೋ ಸ್ವಲ್ಪ ತಪ್ಪುತ್ತದೆ, ನಾನು ಮತ್ತೆ ಹೇಳುತ್ತೇನೆ. ಸಂಜೆಯಾಗುವಾಗ ದವಡೆ ನೋಯುತ್ತದೆ. ಫೋನು ಮಾಡಿದ್ದು ಬಾಯಿಯ ಮೈದುನ. ಅತ್ತಿಗೆ ಬೆಳಿಗ್ಗೆ ಹೋದರು, ನಾಳೆ ಸಂಜೆ ಇಗರ್ಜಿಯಲ್ಲಿ ಪೂಜೆ, ಆಮೇಲೆ ಮಣ್ಣು ಮಾಡುವುದು ಎಂದು ಹೇಳಿ, ಇನ್ನೂ ಬಹಳ ಮಂದಿಗೆ ತಿಳಿಸಲಿಕ್ಕಿದೆ ಎಂದು ಫೋನಿಟ್ಟ. ಗಿರಾಕಿ ನನ್ನ ಮುಖ ನೋಡುತ್ತ ನಿಂತಿದ್ದ. ಹೆಸರನ್ನು ಎಲ್ಲಿಗೆ ನಿಲ್ಲಿಸಿದ್ದೆನೋ ಅಲ್ಲಿಂದ ಮುಂದುವರಿಸಿದೆ.

ನಮ್ಮ ಊರಿನಲ್ಲಿ ಕ್ರಿಸ್ತರ ಹೆಂಗಸರನ್ನು ಗೌರವಕ್ಕೆ ಬಾಯಿ ಎನ್ನುತ್ತಾರೆ. ಅಂಗಡಿಯ ತುಂಬ ನಾವು "ಬಾಯಿ, ಬಾಯಿ" ಎಂದು ಕರೆಯುವುದನ್ನು ಕೇಳಿ ಘಟ್ಟದ ಮೇಲಿನಿಂದ ಬಂದ ಗಿರಾಕಿಗಳು ಕಣ್ಣು ಕಣ್ಣು ಬಿಡುತ್ತಿದ್ದರು. ಅವರ ಪೂರ್ತಿ ಹೆಸರನ್ನು ಅಂಗಡಿಯಲ್ಲಿ ಯಾರೂ ಬಳಸಿದವರಲ್ಲ. ನಾನೂ ಇಲ್ಲಿ ಬಳಸುವುದಿಲ್ಲ.

ಹಂಪನಕಟ್ಟೆಯ ನಮ್ಮ ಅಂಗಡಿಗೆ ಅವರು ಸೇರಿದಾಗಲೇ ಐವತ್ತು ದಾಟಿದ್ದರು. ಎತ್ತರದ, ಹೆಗಲಲ್ಲಿ ಸ್ವಲ್ಪ ಬಾಗಿದ ಹೆಂಗಸು. ತಿಳಿಬಣ್ಣದ ಸೀರೆ, ಅದರ ಮೇಲೆ ಅಂಗಡಿ ಕೊಟ್ಟ ನೀಲಿ ಕೋಟು, ಕೋಟಿನ ತೋಳು ಮೊಣಕೈವರೆಗೆ ಮಡಚಿ. ನಡೆಯುವುದು ತುಂಬಿದ ಕೊಡ ಹೊತ್ತವರ ಹಾಗೆ, ಅವಸರವಿಲ್ಲದೆ. ಕೆಳಗಿನ ಮಹಡಿಯಲ್ಲಿ ಸ್ಪೀಕರು, ಆಂಪ್ಲಿಫೈಯರು, ಮೈಕುಗಳು. ಮೇಲಿನ ಮಹಡಿಯಲ್ಲಿ ಮಿಕ್ಸಿ, ಗ್ರೈಂಡರು, ಫ್ರಿಜ್ಜು. ಹೆಂಗಸರಲ್ಲವೇ ಎಂದು ಮಾಲೀಕರು ಅವರನ್ನು ಮೇಲಕ್ಕೆ ಕಳಿಸಲು ಹೊರಟಿದ್ದರಂತೆ. ಬಾಯಿ ತಾವೇ ಕೆಳಗಿನ ಮಹಡಿ ಕೇಳಿ ಪಡೆದರು. ನನ್ನ ಪಕ್ಕದ ಕೌಂಟರು ಅವರದ್ದಾಯಿತು. ನನ್ನ ಮನೆಮಾತು ತುಳು, ಅವರದ್ದು ಕೊಂಕಣಿ. ಅವರಿಗೆ ತುಳು ಚೆನ್ನಾಗಿ ಬರುತ್ತಿತ್ತು. ಆದರೂ ಮೊದಲ ದಿನ ಯಾಕೋ ಕನ್ನಡದಲ್ಲಿ ಮಾತು ಶುರುವಾಯಿತು, ಅದೇ ಕೊನೆಯವರೆಗೂ ಉಳಿಯಿತು.

ಜರ್ಮನಿಯ ಒಂದು ಕಂಪನಿಯ ಸ್ಪೀಕರುಗಳು ನಮ್ಮಲ್ಲಿ ಹೆಚ್ಚು ಹೋಗುತ್ತಿದ್ದವು. ಇಂಗ್ಲಿಷಿನಲ್ಲಿ ಬರೆದರೆ ಜೆ ಅಕ್ಷರದಿಂದ ಶುರು, ನಡುವೆ ಒಂದು ಸಿ, ಅದರ ಬೆನ್ನಿಗೆ ಎರಡು ಎಚ್. ಆ ದೇಶದವರ ಹಾಗೆ ಹೇಳಿದರೆ ಯೋಖ್‌ಹೈಮ್. ನಮ್ಮಲ್ಲಿ ಹಾಗೆ ಹೇಳುವವರು ಯಾರಿದ್ದರು? ಇಲ್ಲಿಯ ಕ್ರಿಸ್ತರಲ್ಲಿ ಜೋಕಿಮ್ ಎಂಬುದು ಕುಟುಂಬಕ್ಕೊಬ್ಬರಿಗಾದರೂ ಇರುವ ಹೆಸರು. ಹಾಗಾಗಿ ಇಗರ್ಜಿಯ ಹಬ್ಬಗಳಿಗೆ, ಮದುವೆಗಳಿಗೆ ಮೈಕ್ ಕಟ್ಟುವವರೆಲ್ಲ ಆ ಕಂಪನಿಯನ್ನು ನೆಂಟನನ್ನಾಗಿ ಮಾಡಿಕೊಂಡಿದ್ದರು. "ಬಾಯಿ, ನಮ್ಮ ಜೋಕಿಮನಿಗೆ ಶೀತ. ಸ್ವರ ಒಡೀತಾ ಉಂಟು" ಎನ್ನುತ್ತ ಒಬ್ಬರು ಬರುತ್ತಿದ್ದರು. ಬಾಯಿ ನಗದೆ, "ಎಡದ ಜೋಕಿಮನಿಗಾ, ಬಲದವನಿಗಾ?" ಎಂದು ಕೇಳುತ್ತಿದ್ದರು. ಕುದ್ರೋಳಿಯ ಒಂದು ಭಜನಾ ಮಂಡಳಿಯ ಹಿರಿಯರು ಅದನ್ನು ಜೋಕ್ಲೆ ಕಂಪನಿ ಎನ್ನುತ್ತಿದ್ದರು. ತುಳುವಿನಲ್ಲಿ ಜೋಕುಲು ಎಂದರೆ ಮಕ್ಕಳು. ಮಕ್ಕಳ ಕಂಪನಿಯ ಪೆಟ್ಟಿಗೆ ಇಷ್ಟು ಭಾರ ಯಾಕೆ ಎಂದು ಅವರಿಗೆ ನಿಜವಾಗಿಯೂ ಆಶ್ಚರ್ಯ. ಅವರ ಹತ್ತಿರ ಬಾಯಿಗೂ ಅದು ಜೋಕ್ಲೆ ಕಂಪನಿಯೇ. ಇನ್ನೊಂದು ಫ್ರೆಂಚ್ ಕಂಪನಿ. ಅದನ್ನು ಬೋರೇ ಎನ್ನಬೇಕಂತೆ. ಬರೆದದ್ದನ್ನು ಓದಿದರೆ ಬ್ಯೂರೈಸ್ ಎಂದಾಗುತ್ತದೆ. ಅನ್ನದ ಯಾವುದೋ ಬಗೆಯ ಹಾಗೆ ಕೇಳುವ ಈ ಹೆಸರನ್ನೂ ಬಾಯಿ ಹೇಳುತ್ತಿದ್ದರು. ಬೋರೇ ಎಂದವರ ಹತ್ತಿರ ಬೋರೇ ಎಂದೂ ಹೇಳುತ್ತಿದ್ದರು.

ಹೆಸರು ಹೇಳಲಾಗದವರೂ ಬರುತ್ತಿದ್ದರು. ಬೇಕಾದದ್ದು ಯಾವುದೆಂದು ಅವರಿಗೆ ಗೊತ್ತು. ಯಾರದೋ ಮನೆಯಲ್ಲಿ ಕೇಳಿ ಮೆಚ್ಚಿ ಬಂದಿರುತ್ತಾರೆ. ಆದರೆ ಹೆಸರು ನಾಲಿಗೆಗೆ ಬರುವುದಿಲ್ಲ. ಬೆರಳು ತೋರಿಸಲೂ ನಾಚಿಕೆ. ಅಂಥ ಹೊತ್ತಿನಲ್ಲಿ ಬಾಯಿ ಅವರ ಮುಖ ನೋಡುತ್ತಿರಲಿಲ್ಲ. ಬಟ್ಟೆಯ ತುಂಡೊಂದನ್ನು ತೆಗೆದುಕೊಂಡು ಹತ್ತಿರದ ಸ್ಪೀಕರಿನ ಜಾಲರಿಯನ್ನು ಒರಸುತ್ತ ನಿಲ್ಲುತ್ತಿದ್ದರು. ಒರಸಲು ಅಲ್ಲಿ ಏನೂ ಇರುತ್ತಿರಲಿಲ್ಲ. ಬಂದವರು ತಡವರಿಸಿ ಏನೋ ಒಂದು ಹೆಸರು ಹೇಳಿದ ಕೂಡಲೇ, ಅದೇ ಹೆಸರನ್ನು ಅದೇ ತಪ್ಪಿನೊಂದಿಗೆ ಎತ್ತಿಕೊಂಡು, "ಹೌದು, ಉಂಟು, ಬನ್ನಿ ಕೇಳುವ" ಎಂದು ಕರೆದುಕೊಂಡು ಹೋಗುತ್ತಿದ್ದರು. ಬಂದವರ ಹೆಗಲು ಸಡಿಲಾಗುವುದು ನನ್ನ ಕೌಂಟರಿನಿಂದ ಕಾಣುತ್ತಿತ್ತು.

ನಾನು ಇದನ್ನು ವ್ಯಾಪಾರದ ಉಪಾಯ ಎಂದೇ ತಿಳಿದಿದ್ದೆ. ಚಹಾ ಕುಡಿಯುವಾಗ ಒಮ್ಮೆ ಕೇಳಿಯೂ ಬಿಟ್ಟೆ, ಸರಿ ತಪ್ಪು ಅಂತ ಒಂದು ಇಲ್ಲವಾ ಬಾಯಿ ಎಂದು.

"ಉಂಟು" ಎಂದರು. "ಆದ್ರೆ ಸ್ಪೀಕರ್ ಕೇಳ್ಳಿಕ್ಕೆ ಬಂದವರನ್ನು ಶಾಲೆಗೆ ಕಳಿಸ್ಲಿಕ್ಕೆ ಆಗ್ತದಾ? ಈ ಊರಿಗೇ ನೋಡಿ. ನೀವು ಕುಡ್ಲ ಅಂತೀರಿ, ನಾವು ಕೊಡಿಯಾಲ್ ಅಂತೇವೆ, ಬ್ಯಾರಿಗಳು ಮೈಕಾಲ ಅಂತಾರೆ. ಊರು ಯಾರ ಹತ್ತಿರವಾದ್ರೂ ಜಗಳಕ್ಕೆ ಹೋಗಿದ್ಯಾ?"

ಆದರೆ ಒಂದು ವಿಷಯ ಗಮನಿಸಿದ್ದೆ. ಸುರತ್ಕಲ್ಲಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಬರುತ್ತಿದ್ದರು. ಅವರು ಮೊಬೈಲಿನಲ್ಲಿ ಕೇಳಿ ಕಲಿತು ಯೋಖ್‌ಹೈಮ್ ಎಂದು ಚೊಕ್ಕವಾಗಿ ಹೇಳುತ್ತಿದ್ದರು. ಎಲ್ಲರ ಹೆಸರನ್ನೂ ಅವರವರಿಗೇ ತಿರುಗಿ ಕೊಡುವ ಬಾಯಿ, ಈ ಹುಡುಗರಿಗೆ ಮಾತ್ರ ಕೊಡುತ್ತಿರಲಿಲ್ಲ. "ಅದು ಆ ಮೂಲೆಯಲ್ಲಿ ಉಂಟು" ಎನ್ನುತ್ತಿದ್ದರು. ಬರೀ ಅದು. ಆ ನಡುವಿನ ಅಕ್ಷರ ಅವರ ಗಂಟಲಿಗೆ ಹಿಡಿಸುವುದಿಲ್ಲವೇನೋ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಅವರಿಗೆ ಫೋನ್ ಬಂತು. ಮನೆಯ ಪಕ್ಕದ ಹೆಂಗಸು. ಬಾಯಿಯ ಗಂಡ ಮಂಚದಿಂದ ಕೆಳಗೆ ಬಿದ್ದಿದ್ದಾರೆ, ಪೆಟ್ಟಾಗಿಲ್ಲ, ಆದರೆ ಅವರನ್ನು ಎತ್ತಲು ತನ್ನೊಬ್ಬಳಿಂದ ಆಗುವುದಿಲ್ಲ ಎಂದಳು. ಗಂಡನಿಗೆ ಸ್ಟ್ರೋಕ್ ಆಗಿ ಮಲಗಿದಲ್ಲೇ ಇದ್ದಾರೆ ಎಂಬಷ್ಟು ನಮಗೆಲ್ಲ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಅವರು ಹೇಳಿರಲಿಲ್ಲ. ಡಬ್ಬಿ ಮುಚ್ಚಿ ನನ್ನ ಕಡೆ ನೋಡಿದರು. ನಾನು ಬೈಕಿನ ಕೀ ತೆಗೆದುಕೊಂಡೆ.

ನಂತೂರಿನ ಸರ್ಕಲ್ಲಿನಲ್ಲಿ ಲಾರಿಗಳ ಸಾಲು ಅಲ್ಲಾಡದೆ ನಿಂತಿತ್ತು. ಅವರ ಬಾಡಿಗೆ ಮನೆ ಹೆದ್ದಾರಿಗೆ ತಾಗಿದ ಒಂದು ಓಣಿಯಲ್ಲಿ. ಒಳಗೆ ಹೋದರೂ ಲಾರಿಗಳ ಹಾರ್ನು ಹಿಂದೆಯೇ ಬಂತು. ಗೋಡೆಯ ಬದಿಗೆ ಹಳೆಯ ಸ್ಪೀಕರು ಪೆಟ್ಟಿಗೆಗಳು. ಅವುಗಳ ಮೇಲೆ ಮಡಚಿದ ಬಟ್ಟೆ, ಔಷಧದ ಬಾಟಲಿಗಳು. ಮಂಚದ ಪಕ್ಕದಲ್ಲಿ, ನೆಲದ ಮೇಲೆ, ಒಬ್ಬ ದೊಡ್ಡ ಆಳು ಗೋಡೆಗೆ ಒರಗಿ ಕುಳಿತಿದ್ದರು. ಗಡ್ಡ ನೀಟಾಗಿ ಬೋಳಿಸಿತ್ತು, ಕೂದಲಿಗೆ ಎಣ್ಣೆ ಹಚ್ಚಿ ಬಾಚಿತ್ತು. ನನ್ನನ್ನು ನೋಡಿದ ಕೂಡಲೇ ಅವರು ಸ್ಪಷ್ಟವಾಗಿ, ಒಂದಿಷ್ಟೂ ತಡವರಿಸದೆ ಹೇಳಿದರು:

"ಯೋಖ್‌ಹೈಮ್."

ನನಗೆ ನಗು ಬಂತು. ಅಂಗಡಿಯವನೆಂದು ಗುರುತಿಸಿ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು, ಹೌದು ಹೌದು, ನಮ್ಮಲ್ಲಿ ಉಂಟು ಎಂದೆ. ಅವರು ಮತ್ತೆ ಅದನ್ನೇ ಹೇಳಿದರು, ಈ ಸಲ ಗಟ್ಟಿಯಾಗಿ. ಬಾಯಿಯ ಕಡೆ ತಿರುಗಿ ಇನ್ನೊಮ್ಮೆ ಹೇಳಿದರು, ಸಣ್ಣ ಸ್ವರದಲ್ಲಿ.

"ಬಿದ್ದದ್ದು ಯಾರಿಗೂ ಹೇಳ್ಬೇಡಿ ಅಂತ ಹೇಳ್ತಿದ್ದಾರೆ" ಎಂದರು ಬಾಯಿ. "ನಾಚಿಕೆ ಅವರಿಗೆ."

ಇಬ್ಬರೂ ಸೇರಿ ಎತ್ತಿ ಮಲಗಿಸಿದೆವು. ಅವರು ಹೂಜಿಯ ಕಡೆಗೆ ಕಣ್ಣು ಹಾಯಿಸದೆ ಅದೇ ಶಬ್ದ ಹೇಳಿದರು. ಬಾಯಿ ನೀರು ಕೊಟ್ಟರು. ಕುಡಿದಾದ ಮೇಲೆ ಮತ್ತೊಮ್ಮೆ ಹೇಳಿದರು. ಬಾಯಿ ಕಿಟಕಿಯ ಒಂದು ಬಾಗಿಲು ಮುಚ್ಚಿದರು. ಬಿಸಿಲು ಕಣ್ಣಿಗೆ ಬೀಳುತ್ತಿತ್ತು. ನನಗೆ ಎಲ್ಲ ಒಂದೇ ಥರ ಕೇಳುತ್ತಿತ್ತು.

ಒಳಗೆ ಚಹಾ ಮಾಡುತ್ತ ಬಾಯಿ ಹೇಳಿದ ಕಥೆ ಇದು. ಗಂಡ ಕೊಲ್ಲಿಯ ಒಂದು ದೊಡ್ಡ ಹೋಟೆಲಿನಲ್ಲಿ ಸೌಂಡಿನ ಕೆಲಸದಲ್ಲಿದ್ದರು. ಇಗರ್ಜಿಯ ಹಬ್ಬಗಳಿಗೆ ಮೈಕ್ ಕಟ್ಟುತ್ತಿದ್ದವರು ಹಾಗೆ ಮೇಲೆ ಹೋದದ್ದು. ಅಲ್ಲಿ ಅವರಿಗೆ ಒಂದು ಹೆಮ್ಮೆ ಬಂದಿತ್ತು. ಯಾವ ದೇಶದ ಕಂಪನಿಯ ಹೆಸರಾದರೂ ಆ ದೇಶದವನೇ ಹೇಳಿದ ಹಾಗೆ ಹೇಳುವುದು. ಯುರೋಪಿನ ಗಿರಾಕಿಗಳಿಂದ ಕೇಳಿ, ಕನ್ನಡಿಯ ಎದುರು ನಿಂತು ಅಭ್ಯಾಸ ಮಾಡುತ್ತಿದ್ದರಂತೆ. ಬಾಯಿ ಅವರ ಜತೆ ಇರಲು ಅಲ್ಲಿಗೆ ಹೋದರು, ಅದೇ ವರ್ಷ ಹೋಟೆಲಿಗೆ ಹೊಸ ಸ್ಪೀಕರುಗಳು ಬಂದವು. ಮೇಲಧಿಕಾರಿಗಳೆಲ್ಲ ಸೇರಿದ ಒಂದು ಪಾರ್ಟಿಯಲ್ಲಿ, ಗಂಡನ ಕೆಲಸದ ಬಗ್ಗೆ ತಾನೂ ಒಂದು ಒಳ್ಳೆಯ ಮಾತಾಡಬೇಕು ಎಂದು ಬಾಯಿ ಬಾಯಿಬಿಟ್ಟರು. ಈ ಜೋಕಿಮ್ ಸ್ಪೀಕರು ಎಷ್ಟು ಚಂದ ಕೇಳ್ತದೆ ಎಂದರು.

ಮೊದಲು ನಕ್ಕದ್ದು ಗಂಡನೇ. ಉಳಿದವರು ಅವರನ್ನು ನೋಡಿ ನಕ್ಕರು. ಎಲ್ಲಿ, ಸರಿಯಾಗಿ ಹೇಳು ಎಂದು ಅವರು ಎಲ್ಲರೆದುರಿಗೆ ಹೇಳಿಸಿದರು. ಮತ್ತೆ ಹೇಳಿಸಿದರು. ಬಾಯಿಗೆ ಬರಲಿಲ್ಲ. ಬರುವವರೆಗೆ ಊಟ ಇಲ್ಲ ಎಂದು ಯಾರೋ ತಮಾಷೆ ಮಾಡಿದರು. ಆಮೇಲೆ ಯಾರ ಮನೆಗೆ ಹೋದರೂ ಗಂಡ ಆ ಪ್ರಸಂಗವನ್ನು ಹೇಳಿ ನಗಿಸುತ್ತಿದ್ದರಂತೆ. ಬಾಯಿ ನಾಲ್ಕು ಜನರ ಎದುರು ಮಾತಾಡುವುದನ್ನು ನಿಲ್ಲಿಸಿದರು. ತಾನು ಸುಮ್ಮನಾದದ್ದು ಗಂಡನ ಗಮನಕ್ಕೆ ಬಂದಿತ್ತೋ ಇಲ್ಲವೋ ಬಾಯಿಗೇ ತಿಳಿಯದು. ಕೆಲವು ವರ್ಷಗಳ ಮೇಲೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು, ಮಾತು ಎಲ್ಲ ಹೋಯಿತು. ಆಸ್ಪತ್ರೆಯಲ್ಲಿ ಎಷ್ಟೋ ದಿನದ ಮೇಲೆ ಅವರು ಮಾತಾಡಲು ನೋಡಿದಾಗ ಈ ಒಂದು ಶಬ್ದ ಬಂತು. ಬೇರೆ ಬರಲೇ ಇಲ್ಲ. ಹೀಗೂ ಆಗುವುದುಂಟು, ಮೆದುಳಿನಲ್ಲಿ ಒಂದೇ ಒಂದು ಮಾತು ಉಳಿದುಬಿಡುತ್ತದೆ ಎಂದು ಡಾಕ್ಟರು ಹೇಳಿದರಂತೆ. ತನಗೆ ಬೇಕಾದದ್ದನ್ನೇ ಹೇಳುತ್ತಿದ್ದೇನೆ ಎಂದು ಅವರ ಮನಸ್ಸಿನಲ್ಲಿ ಇರುತ್ತದಂತೆ.

ನಾನು ಏನಾದರೂ ಹೇಳಬೇಕೆಂದು, ದೇವರ ಲೆಕ್ಕ ವಿಚಿತ್ರ ಬಾಯಿ ಎಂದೆ.

"ಲೆಕ್ಕವಾ ಎಂತವಾ ನನಗೆ ಗೊತ್ತಿಲ್ಲ ಮಾರಾಯ್ರೆ" ಎಂದು ಅವರು ಚಹಾ ಸೋಸಿದರು. "ಶಿಕ್ಷೆ ಅಂತ ಹೇಳಿದವರೂ ಇದ್ದಾರೆ. ಯಾರಿಗೆ ಶಿಕ್ಷೆ, ಅವರಿಗಾ ನನಗಾ? ಅದೆಲ್ಲ ಯೋಚನೆ ಮಾಡ್ಲಿಕ್ಕೆ ನನಗೆ ಪುರುಸೊತ್ತು ಇಲ್ಲ."

ಅಲ್ಲಿಂದ ಅಂಗಡಿಗೆ ಬಂದವರು ಬಾಕಿ ಉಳಿದ ಊಟ ಮುಗಿಸಿ ಸಂಜೆಯವರೆಗೆ ಎಂದಿನಂತೆ ವ್ಯಾಪಾರ ಮಾಡಿದರು. ಅದರ ನಂತರ ನಾನು ಆಗಾಗ ಆ ಮನೆಗೆ ಹೋಗುತ್ತಿದ್ದೆ, ಎತ್ತುವ ಇಳಿಸುವ ಕೆಲಸಕ್ಕೆ. ಆ ಒಂದು ಶಬ್ದದೊಳಗೆ ಬಾಯಿ ಏನೇನು ಕೇಳುತ್ತಿದ್ದರು ಎಂದು ಗಮನಿಸಲು ನೋಡಿದೆ. ಕೊನೆ ಎಳೆದರೆ ಹೊಟ್ಟೆಗೆ ಏನೋ ಬೇಕು. ಮೊದಲ ಅಕ್ಷರಕ್ಕೆ ಒತ್ತು ಬಿದ್ದರೆ ಸಿಟ್ಟು. ಹೀಗೆ ಒಂದೆರಡು ಹಿಡಿತಕ್ಕೆ ಸಿಕ್ಕಿತು. ಉಳಿದದ್ದು ಅವರಿಬ್ಬರ ನಡುವೆಯೇ ಇತ್ತು. ಒಮ್ಮೆ ಗಂಡ ಬಹಳ ಮೆಲ್ಲಗೆ ಹೇಳಿದಾಗ ಬಾಯಿ ಕೆಲಸ ಮಾಡುತ್ತಿದ್ದಲ್ಲಿಂದ ತಿರುಗಿ, "ಎಂತ, ಇಲ್ಲೇ ಇದ್ದೇನಲ್ಲ" ಎಂದರು. ಅದು ಹೆಂಡತಿಯನ್ನು ಕರೆಯುವ ರೀತಿ ಇರಬೇಕು.

ಮರುವರ್ಷ ಮಾಲೀಕರು ವಯಸ್ಸಾಯಿತೆಂದು ಅಂಗಡಿಯನ್ನು ಅಳಿಯನ ಕೈಗೆ ಕೊಟ್ಟರು. ಅಳಿಯ ಕೆಟ್ಟವನಲ್ಲ. ಸಾಮಾನುಗಳನ್ನೆಲ್ಲ ಜನ ಮನೆಯಲ್ಲಿ ಕುಳಿತು ತರಿಸಿಕೊಳ್ಳುವ ಕಾಲದಲ್ಲಿ ಅಂಗಡಿ ಉಳಿಸಬೇಕಾದ ಚಿಂತೆ ಅವನ ಮುಖದಲ್ಲೇ ಇರುತ್ತಿತ್ತು. ಜರ್ಮನಿಯ ಕಂಪನಿಯೊಂದಿಗೆ ಅವನು ಹೊಸ ಒಪ್ಪಂದ ಮಾಡಿಕೊಂಡ. ನಮ್ಮದು ಅವರ ಅಧಿಕೃತ ಅಂಗಡಿ. ಹೊರಗೆ ಬೋರ್ಡು. ಬೋರ್ಡಿನಲ್ಲಿ ಕನ್ನಡವೂ ಇರಬೇಕಲ್ಲ. ಕನ್ನಡದಲ್ಲಿ ಬರೆದ ಮೇಲೆ ಮುಗಿಯಿತು, ಬರೆದ ಹಾಗೆ ಓದಲೇಬೇಕು. ಆ ಬೋರ್ಡು ಏರಿದ ದಿನ ಬಾಯಿ ರಸ್ತೆಯ ಆಚೆ ನಿಂತು ಸ್ವಲ್ಪ ಹೊತ್ತು ನೋಡಿದರು. ಬೆಳ್ಳಿ ಅಕ್ಷರದಲ್ಲಿ ಯೋಖ್‌ಹೈಮ್. ಒಳಗೆ ಬಂದು ಕೋಟು ಹಾಕಿಕೊಂಡರು.

ಅದರ ಬೆನ್ನಿಗೇ ಮುಂಬೈಯಿಂದ ಕಂಪನಿಯ ಕಡೆಯ ಒಬ್ಬ ತರಬೇತುದಾರ ಬಂದ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ. ಹೆಸರು ಸರಿಯಾಗಿ ಹೇಳುವುದು ಕಂಪನಿಗೆ ಕೊಡುವ ಮರ್ಯಾದೆ, ಇನ್ನು ಮುಂದೆ ಗಿರಾಕಿಗಳಂತೆ ಬಂದು ಪರೀಕ್ಷೆ ಮಾಡುವವರೂ ಇರುತ್ತಾರೆ, ತಪ್ಪು ಹೇಳಿದರೆ ಅಧಿಕೃತ ಎಂಬುದು ಹೋಗುತ್ತದೆ ಎಂದ. ಒಬ್ಬೊಬ್ಬರೇ ಹೇಳಬೇಕು. ನಡುವಿನ ಅಕ್ಷರಕ್ಕೆ ನಾವು ಒದ್ದಾಡಿದೆವು. ಬೂತಾಯಿ ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿದಾಗ ಹೇಗೆ ಮಾಡುತ್ತೇವೋ ಹಾಗೆ ಮಾಡಿ ಎಂದು ನಮ್ಮಲ್ಲೇ ಒಬ್ಬ ಹೇಳಿದ ಮೇಲೆ ಹೆಚ್ಚಿನವರಿಗೆ ಬಂತು. ಕುದ್ರೋಳಿಯ ಹುಡುಗನೊಬ್ಬನಿದ್ದ, ಮದ್ರಸದಲ್ಲಿ ಅರಬ್ಬಿ ಓದಿದವನು. ಅವನಿಗೆ ಮೊದಲ ಸಲಕ್ಕೇ ಬಂತು. ತರಬೇತುದಾರ ಚಪ್ಪಾಳೆ ತಟ್ಟಿದ.

ಬಾಯಿಯ ಸರದಿ. ಅವರು ಕೋಟಿನ ಗುಂಡಿ ಹಿಡಿದುಕೊಂಡು ನಿಂತಿದ್ದರು.

"ಜೋಕಿಮ್" ಎಂದರು.

ಎಲ್ಲರೂ ನಕ್ಕರು. ನಗುವಿನಲ್ಲಿ ದ್ವೇಷವಿರಲಿಲ್ಲ, ಅಷ್ಟು ಹೊತ್ತು ನಿಂತು ಬೇಸರವಾಗಿತ್ತು. ತರಬೇತುದಾರನೂ ನಗುತ್ತ, ಇನ್ನೊಮ್ಮೆ ಪ್ರಯತ್ನ ಮಾಡಿ ಆಂಟಿ ಎಂದ. ಬಾಯಿ ಮತ್ತೆ ಜೋಕಿಮ್ ಎಂದರು. ಅವನು ಅಕ್ಷರ ಬಿಡಿಸಿ, ತುಟಿ ಹೇಗಿರಬೇಕು ಎಂದು ತನ್ನ ತುಟಿ ತೋರಿಸಿ, ಎಲ್ಲರೆದುರಿಗೆ ಹೇಳಿಸಲು ನೋಡಿದ. ನಾನು ಅಳಿಯನ ಹತ್ತಿರ ಹೋಗಿ, ಅವರನ್ನು ಬಿಟ್ಟುಬಿಡಿ ಎಂದು ಕಿವಿಯಲ್ಲಿ ಹೇಳಿದೆ. ಅಷ್ಟರಲ್ಲಿ ಬಾಯಿಯೇ ಮಾತಾಡಿದರು. ಸ್ವರ ಏರಲಿಲ್ಲ.

"ಬೇರೆ ಎಂತ ಬೇಕಾದ್ರೂ ಹೇಳ್ತೇನೆ. ಬೋರೇ ಹೇಳ್ತೇನೆ. ಆ ಹೆಸರು ಮಾತ್ರ ನನ್ನಿಂದ ಹೇಳಿಸ್ಬೇಡಿ."

ಅವನಿಗೆ ಏನೂ ಅರ್ಥವಾಗಲಿಲ್ಲ. ಸರಿ ಎಂದು ಮುಂದಿನವನ ಕಡೆ ತಿರುಗಿದ.

ಆಮೇಲೆ ಗೋಡೌನಿಗೆ ಇಳಿಯುವ ಮೆಟ್ಟಿಲಲ್ಲಿ ಬಾಯಿ ಕುಳಿತಿದ್ದರು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಕೇಳುವ ಮೊದಲೇ ಅವರು ಹೇಳಿದರು.

"ಆಗ ಬರ್ಲಿಲ್ಲ, ಈಗ ಬರ್ತದೆ. ದಿನಾ ಕೇಳಿ ಕೇಳಿ ಬರದೆ ಇರ್ತದಾ? ಆದ್ರೆ ಮನೆಯಲ್ಲಿ ಅದು ನೀರು, ಅನ್ನ, ನೋವು, ಎಲ್ಲ ಅದೇ. ನನ್ನ ಹೆಸರೂ ಅದೇ. ಇಲ್ಲಿ ನಿಂತು ಅದನ್ನು ಗಿರಾಕಿಗೆ ಹೇಗೆ ಹೇಳುವುದು, ನೀವೇ ಹೇಳಿ."

ಮೇಲೆ ಶಟರು ಎತ್ತುವ ಸದ್ದಾಯಿತು. ಅವರು ಕೈ ಊರಿ ಎದ್ದರು.

ನಾನು ಅಳಿಯನಿಗೆ ವಿಷಯ ಪೂರ್ತಿ ತಿಳಿಸಿದೆ. ಕೆಲಸದಿಂದ ತೆಗೆಯುವುದಿಲ್ಲ, ಆದರೆ ಈ ಮಹಡಿಯಲ್ಲಿ ಇಡುವಂತಿಲ್ಲ ಎಂದ. ಬಾಯಿ ಮಿಕ್ಸಿಗಳ ಮಹಡಿಗೆ ಹೋದರು. ಅಲ್ಲಿ ಹೆಸರುಗಳ ತೊಂದರೆ ಇಲ್ಲ. ಗಿರಾಕಿಗಳೂ ಹೆಸರು ಕೇಳುವುದಿಲ್ಲ. ತೆಂಗಿನಕಾಯಿ ನುಣ್ಣಗಾಗುತ್ತದಾ, ಉದ್ದು ರುಬ್ಬುತ್ತದಾ ಎಂದು ಕೇಳುತ್ತಾರೆ. ಬಾಯಿ ಅದಕ್ಕೂ ಅಷ್ಟೇ ತಾಳ್ಮೆಯಿಂದ ಉತ್ತರ ಕೊಡುತ್ತಿದ್ದರು. ಆದರೆ ಊಟದ ಹೊತ್ತಿಗೆ ಇಳಿದು ಬಂದಾಗ ಸ್ಪೀಕರುಗಳ ಸಾಲನ್ನು ಒಂದು ಸುತ್ತು ನೋಡುತ್ತಿದ್ದರು. ಭಜನಾ ಮಂಡಳಿಯ ಹಿರಿಯರು ಬಂದು, ಆ ಬಾಯಿ ಎಲ್ಲಿ ಎಂದು ಕೇಳಿದರು. ಮೇಲಿದ್ದಾರೆ, ನಾನೇ ತೋರಿಸುತ್ತೇನೆ ಎಂದೆ. ಅಷ್ಟರಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನಗುಮುಖದಿಂದ ಅವರ ಜೋಕ್ಲೆ ಕಂಪನಿಯನ್ನು ತಿದ್ದಿದಳು. ಅದು ಅವಳ ಕೆಲಸ. ಹಿರಿಯರು ಆಯ್ತು, ಮತ್ತೆ ಬರ್ತೇನೆ ಎಂದು ಹೋದರು. ಬರಲಿಲ್ಲ.

ಬಾಯಿ ದಣಿಯುತ್ತ ಬಂದದ್ದು ನಮಗೆಲ್ಲ ಕಾಣುತ್ತಿತ್ತು. ಮೆಟ್ಟಿಲು ಹತ್ತುವಾಗ ನಡುವಿನಲ್ಲಿ ನಿಂತು, ಯಾರಾದರೂ ನೋಡಿದರೆ ಸೆರಗು ಸರಿಮಾಡಿಕೊಳ್ಳುವಂತೆ ಮಾಡುತ್ತಿದ್ದರು. ಹೃದಯದ ಔಷಧಿ ಶುರುವಾಯಿತು. ಆಸ್ಪತ್ರೆಗೆ ಸೇರಿ ಎಂದರೆ, ಇವರ ಹತ್ತಿರ ಯಾರು ಎನ್ನುತ್ತಿದ್ದರು. ಹತ್ತಿರ ಇರಲು ಮೈದುನ ಒಪ್ಪಿದ್ದ, ಪಕ್ಕದ ಹೆಂಗಸು ಒಪ್ಪಿದ್ದಳು. "ಇರಬಹುದು. ಆದ್ರೆ ಇವರು ಹೇಳಿದ್ದು ಅವರಿಗೆ ಅರ್ಥ ಆಗ್ಬೇಕಲ್ಲ" ಎಂದರು ನನ್ನ ಹತ್ತಿರ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಕೆಲಸ ಬಿಟ್ಟರು. ಬಿಟ್ಟ ಮೇಲೆ ಹೆಚ್ಚು ಕಾಲ ಇರಲಿಲ್ಲ. ಬೆಳಿಗ್ಗೆ ಗಂಡನಿಗೆ ಗಂಜಿ ತಿನ್ನಿಸಿ, ಬಟ್ಟಲು ತೊಳೆಯಲು ಹೋದವರು ಬಚ್ಚಲ ಕಲ್ಲಿನ ಹತ್ತಿರ ಕುಸಿದರಂತೆ. ಒಳಗಿನಿಂದ ಗಂಡ ಕೂಗುತ್ತಲೇ ಇದ್ದರಂತೆ. ಅವರು ಯಾವಾಗಲೂ ಹಾಗೆ ಕೂಗುತ್ತಾರಲ್ಲ ಎಂದು ಓಣಿಯವರು ಸ್ವಲ್ಪ ತಡವಾಗಿ ಬಂದರು.

ಮಣ್ಣಿನ ದಿನ ಇಗರ್ಜಿ ಬಹುಪಾಲು ತುಂಬಿತ್ತು. ಮೈಕ್ ಕಟ್ಟುವವರೆಲ್ಲ ಬಂದಿದ್ದರು. ಗಂಡನನ್ನು ಗಾಲಿಕುರ್ಚಿಯಲ್ಲಿ ಕರೆತಂದಿದ್ದರು. ಅವರು ಅಲ್ಲಿ ಒಂದು ಸಲವೂ ಆ ಶಬ್ದ ಹೇಳಲಿಲ್ಲ.

ಅವರಿಗೆ ಮಕ್ಕಳಿಲ್ಲ. ಮೈದುನ ತನ್ನ ಮನೆಯಲ್ಲಿ ಜಾಗವಿಲ್ಲವೆಂದು, ಕನ್ಯಾಸ್ತ್ರೀಯರು ನಡೆಸುವ ಒಂದು ಆಶ್ರಮದಲ್ಲಿ ಅಣ್ಣನನ್ನು ಬಿಟ್ಟ. ಕೆಲವು ವಾರಗಳ ಮೇಲೆ ನನಗೆ ಫೋನ್ ಮಾಡಿದ. ಅಣ್ಣ ಸರಿಯಾಗಿ ಊಟ ಮಾಡುವುದಿಲ್ಲ, ಒಂದೇ ಸಮನೆ ಕೂಗುತ್ತಾರೆ, ಸಿಸ್ಟರುಗಳಿಗೆ ಏನೂ ಅರ್ಥವಾಗುತ್ತಿಲ್ಲ. ನೀವು ಆ ಮನೆಗೆ ಹೋಗಿ ಬರುತ್ತಿದ್ದವರು, ಒಮ್ಮೆ ಬಂದು ನೋಡ್ತೀರಾ ಎಂದ.

ಭಾನುವಾರ ಬೆಳಿಗ್ಗೆ ಹೋದೆ. ವಾರವೆಲ್ಲ ಮಾತಾಡಿ ಸಾಕಾಗಿತ್ತು. ಒಂದು ದಿನವಾದರೂ ಯಾರ ಹತ್ತಿರವೂ ಮಾತಿಲ್ಲದೆ ಇರಬೇಕೆಂದಿದ್ದವನು. ಚಿಕ್ಕ ವಯಸ್ಸಿನ ಸಿಸ್ಟರೊಬ್ಬರು ಕೋಣೆ ತೋರಿಸಿದರು. ಅವರು ಒಳ್ಳೆಯ ಮನಸ್ಸಿನಿಂದ ಚಿತ್ರದ ಹಲಗೆಗಳನ್ನು ಮಾಡಿಟ್ಟಿದ್ದರು. ಲೋಟ, ತಟ್ಟೆ, ಫ್ಯಾನು, ಕಕ್ಕಸು. ಬೇಕಾದದ್ದನ್ನು ಬೆರಳಿನಿಂದ ತೋರಿಸಲಿ ಎಂದು. ಒಂದನ್ನೂ ಮುಟ್ಟಿ ನೋಡಿಲ್ಲ ಎಂದು ಬೇಸರದಲ್ಲಿ ಹೇಳಿದರು.

ಬಾಯಿಯ ಗಂಡ ನನ್ನನ್ನು ಕಂಡ ಕೂಡಲೇ ಹೇಳಿದರು, ಅದೇ ಶಬ್ದ. ಗಡ್ಡ ಅಲ್ಲಲ್ಲಿ ಉಳಿದಿತ್ತು. ನಾನು ನೀರು ಕೊಟ್ಟೆ, ಮುಖ ತಿರುಗಿಸಿದರು. ಕಿಟಕಿ ಮುಚ್ಚಿದೆ, ತೆರೆದೆ. ಫ್ಯಾನು ಜೋರು ಮಾಡಿದೆ. ದಿಂಬು ಸರಿಮಾಡಿದೆ. ಪ್ರತಿ ಸಲವೂ ಅವರು ಇನ್ನೊಮ್ಮೆ ಹೇಳಿದರು. ಕೊನೆ ಎಳೆದಿರಲಿಲ್ಲ, ಮೊದಲ ಅಕ್ಷರಕ್ಕೆ ಒತ್ತೂ ಇರಲಿಲ್ಲ. ಬಾಯಿಯ ಬಗ್ಗೆ ಕೇಳುತ್ತಿದ್ದಾರೋ ಎಂದು ಹೆದರಿ, ಅವರು ಹೋದರಲ್ಲ, ನಿಮಗೆ ಗೊತ್ತುಂಟಲ್ಲ ಎಂದೆ. ಗೊತ್ತಿದೆ ಎನ್ನುವಂತೆ ಅಸಹನೆಯಿಂದ ತಲೆ ಆಡಿಸಿದರು. ಮತ್ತೆ ಅದನ್ನೇ ಹೇಳಿದರು.

ನನ್ನಿಂದ ಇನ್ನು ಆಗುವುದಿಲ್ಲ ಅನ್ನಿಸಿತು. ಮಂಚದ ಅಂಚಿನಲ್ಲಿ, ಅವರ ಮಡಚಿದ ಕಾಲುಗಳ ಪಕ್ಕದಲ್ಲಿ ಕುಳಿತುಬಿಟ್ಟೆ.

ಅವರು ಸುಮ್ಮನಾದರು. ಎಡಗೈಯನ್ನು ಹೊದಿಕೆಯ ಮೇಲೆ ಚಾಚಿ ಇಟ್ಟುಕೊಂಡರು. ಮುಖದ ಬಿಗಿ ಇಳಿಯಿತು. ಹೊರಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು.

ಬಾಗಿಲಲ್ಲಿ ನಿಂತಿದ್ದ ಸಿಸ್ಟರು, ಅವರು ಎಂತ ಕೇಳಿದ್ದು ಎಂದು ಮೆಲ್ಲಗೆ ಕೇಳಿದರು.

"ಕೂತ್ಕೊಳ್ಳಿಕ್ಕೆ ಹೇಳಿದ್ದು" ಎಂದೆ.

ಸಿಸ್ಟರು ಚಿತ್ರದ ಹಲಗೆಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಒಳಗೆ ಬಂದು, ಮಂಚದ ಆ ಬದಿಯಲ್ಲಿ ಕುಳಿತರು.